ಹಳೆ ಹೋಂಡಾ ಸಿಟಿ ಆಟೋಮ್ಯಾಟಿಕ್‌ಗೆ ಯಾವ ಗೇರ್ ಆಯಿಲ್? ಸಹಾಯ ಬೇಕು

ನಮಸ್ಕಾರ. ನಮ್ಮದು 2010ರ ಹೋಂಡಾ ಸಿಟಿ, 5 ಗೇರಿನ ಆಟೋಮ್ಯಾಟಿಕ್. ಅಪ್ಪ ತೆಗೆದುಕೊಂಡ ಗಾಡಿ, ಮಾರುವ ಮನಸ್ಸಿಲ್ಲ.

ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಕಮ್ಮಿ ಇದೆ ಅಂತ ಡೆಕ್ಸ್‌ರಾನ್ 3 ಅನ್ನೋ ಬೇರೆ ಬಗೆಯ ಎಟಿಎಫ್ ಅರ್ಧ ಲೀಟರ್ ಹಾಕಿದರು. "ಕೆಂಪು ಆಯಿಲ್ ಎಲ್ಲಾ ಒಂದೇ ಸಾರ್" ಅಂದರು. ಆಮೇಲಿಂದ 2ರಿಂದ 3ನೇ ಗೇರಿಗೆ ಬೀಳುವಾಗ ಗಾಡಿ ಸಣ್ಣಗೆ ನಡುಗುತ್ತಿದೆ. ಡಿಪ್‌ಸ್ಟಿಕ್ಕನ್ನು (ಆಯಿಲ್ ಅಳೆಯುವ ಕಡ್ಡಿ) ಬಿಳಿ ಬಟ್ಟೆಗೆ ಒರೆಸಿ ನೋಡಿದೆ. ಕಂದು ಬಣ್ಣ, ಆದರೆ ಸುಟ್ಟ ವಾಸನೆ ಇಲ್ಲ. ಗೇರ್‌ಬಾಕ್ಸ್ ಉಳಿಸಿಕೊಳ್ಳಬಹುದು ಅಂತ ಆಸೆ.

ಗಾಡಿಯ ಪುಸ್ತಕದಲ್ಲಿ ಇರುವುದು ಎಟಿಎಫ್ ಝಡ್-1. ಅದರ ಬದಲಿಗೆ ಈಗ ಹೋಂಡಾದ್ದೇ ಡಿಡಬ್ಲ್ಯೂ-1 ಬರುತ್ತದೆ. ಇನ್ನೊಬ್ಬರು ಎಚ್‌ಸಿಎಫ್-2 ಹಾಕಿ ಅಂತಾರೆ. ಅದು ಸಿವಿಟಿಯದು, ಬೆಲ್ಟ್ ಇರುವ ಗೇರ್‌ಬಾಕ್ಸಿಗೆ. ಖಂಡಿತ ಹಾಕಿಸಲ್ಲ.

ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಪೂರ್ತಿ ಇಳಿಯಲ್ಲ, ಟಾರ್ಕ್ ಕನ್ವರ್ಟರಿನಲ್ಲಿ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಆಯಿಲ್ ಮೂಲಕ ಶಕ್ತಿ ಸಾಗಿಸುವ ಭಾಗ) ಉಳಿದುಬಿಡುತ್ತದೆ ಅಲ್ವಾ? ಮೂರು ಸಲ ಇಳಿಸಿ ತುಂಬಿದರೆ ಸಾಕಾ? ನಡುವೆ ಎಷ್ಟು ಕಿಲೋಮೀಟರ್ ಓಡಿಸಬೇಕು? ಮೈಸೂರು ಕಡೆ ಡಿಡಬ್ಲ್ಯೂ-1 ಅಸಲಿ ಡಬ್ಬಿ ಎಲ್ಲಿ ಸಿಗುತ್ತದೆ?

ಇದೇ ಗಾಡಿ ಇಟ್ಟುಕೊಂಡವರು ದಯವಿಟ್ಟು ಹೇಳಿ. ಅಲ್ಲಿವರೆಗೆ ಗಾಡಿ ಹೊರಗೆ ತೆಗೆಯಲ್ಲ.