ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿ ಆಪ್ಟ್ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಪ್ರೋಗ್ರಾಂ) ಕೆಟ್ಟಿದೆ, ನೀವು ಹೇಗೆ ಸರಿ ಮಾಡಿಕೊಂಡಿರಿ?

ಕೇಳಿದವರು, ವಿಜಯಪುರ

ಗಾಂಧಿ ಚೌಕದ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಇರೋದು ಒಂದೇ ಕಂಪ್ಯೂಟರ್, ಅದರಲ್ಲಿ ಉಬುಂಟು 22.04 ಲಿನಕ್ಸ್. ನಿನ್ನೆ ಮಧ್ಯಾಹ್ನ ಅಪ್‌ಗ್ರೇಡ್ ಹಾಕಿದ್ದೆ, ಅರ್ಧಕ್ಕೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಮೊದಲೇ ಕೆಟ್ಟಿತ್ತು. ಈಗ ಕಂಪ್ಯೂಟರ್ ಶುರುವಾಗುತ್ತದೆ, ಇಂಕ್‌ಸ್ಕೇಪ್ ಕೂಡ ತೆರೆಯುತ್ತದೆ. ಆದರೆ ಪ್ರಿಂಟ್ ಹೋಗುತ್ತಿಲ್ಲ, ಹೊಸದೇನೂ ಇನ್‌ಸ್ಟಾಲ್ ಆಗುತ್ತಿಲ್ಲ. ಆಪ್ಟ್‌ನ ಕೆಳಗೆ ಪ್ಯಾಕೇಜ್‌ಗಳನ್ನು ಕೂರಿಸುವ ಡಿಪಿಕೆಜಿ ನಡುವೆ ನಿಂತಿದೆ, 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ ಅನ್ನುತ್ತದೆ. ಕೊಟ್ಟರೆ ಪ್ರಿಂಟಿಗೆ ಬೇಕಾದ ಕಪ್ಸ್-ಫಿಲ್ಟರ್ಸ್ ಪ್ಯಾಕೇಜಿನ ಫೈಲ್ ಪಟ್ಟಿಯ ಕೊನೆಗೆ ಹೊಸ ಸಾಲಿಲ್ಲ ಅಂತ ಹೇಳಿ ಅಲ್ಲಿಗೇ ನಿಲ್ಲುತ್ತದೆ. ಗೆಳೆಯರೊಬ್ಬರು ಲಾಕ್ ಫೈಲ್ (ಒಂದೇ ಸಲಕ್ಕೆ ಎರಡು ಇನ್‌ಸ್ಟಾಲ್ ನಡೆಯದಂತೆ ತಡೆಯುವ ಫೈಲ್) ಅಳಿಸಿಬಿಡು ಅಂದರು. ನನಗೆ ಧೈರ್ಯ ಬರಲಿಲ್ಲ. ನಾಡಿದ್ದು ಎರಡು ಲಗ್ನಪತ್ರಿಕೆ ಕೊಡಬೇಕು. ಫಾರ್ಮ್ಯಾಟ್ ಮಾಡದೆ ಸರಿಯಾಗುತ್ತದಾ?

ಬೆಳಗಾವಿಯಿಂದ

ಆಗುತ್ತದೆ ರೀ, ಫಾರ್ಮ್ಯಾಟ್ ಬೇಡ. ನಾನು ಒಂದು ಶಾಲೆಯ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ವಾ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಇದೇ ತೊಂದರೆ ನನಗೆ ಎರಡು ಸಲ ಬಂದಿದೆ.

ಲಾಕ್ ಫೈಲ್ ಮುಟ್ಟಲಿಲ್ಲ, ಅದು ಒಳ್ಳೆಯದಾಯ್ತು. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಓಡುತ್ತಿರುವ ಪ್ರೋಗ್ರಾಂ ಅದನ್ನು ಹಿಡಿದಿದ್ದರೆ ಮಾತ್ರ ಬೀಗ. ಕರೆಂಟ್ ಹೋದಾಗಲೇ ನಿಮ್ಮ ಬೀಗ ಬಿಟ್ಟಿದೆ. ನಿಮಗೆ ಬಂದಿರುವ ತಪ್ಪು ಬೇರೆಯೇ.

ಡಿಪಿಕೆಜಿಗೆ ನೆನಪು ಅಂತ ಇರೋದು 'ವಾರ್' ಒಳಗೆ 'ಲಿಬ್', ಅದರೊಳಗೆ 'ಡಿಪಿಕೆಜಿ' ಅನ್ನುವ ಫೋಲ್ಡರಿನಲ್ಲಿ. ಅಲ್ಲಿ 'ಸ್ಟೇಟಸ್' ಅಂತ ಒಂದು ಫೈಲ್ ಇದೆ. ಯಾವ ಪ್ಯಾಕೇಜ್, ಯಾವ ಆವೃತ್ತಿ, ಪೂರ್ತಿ ಕೂತಿದೆಯೋ ಅರ್ಧವೋ, ಎಲ್ಲ ಅದರಲ್ಲಿ. ಬರೀ ಅಕ್ಷರದ ಫೈಲ್, ತೆರೆದು ಓದಬಹುದು. ಪಕ್ಕದ 'ಇನ್ಫೋ' ಫೋಲ್ಡರಿನಲ್ಲಿ ಪ್ರತಿ ಪ್ಯಾಕೇಜಿಗೂ ಅದರ ಫೈಲ್‌ಗಳ ಹೆಸರಿರುವ ಒಂದು ಲಿಸ್ಟ್ ಫೈಲ್ ಇರುತ್ತದೆ. ಏನೇ ಮಾಡುವ ಮೊದಲು ಈ ಡಿಪಿಕೆಜಿ ಫೋಲ್ಡರನ್ನು ಪೂರ್ತಿ ನಿಮ್ಮ ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ: 'ಸುಡೋ ಸಿಪಿ -ಎ'. ಇದೊಂದನ್ನು ದಯವಿಟ್ಟು ಬಿಡಬೇಡಿ. ಮೊದಲ ಸಲ ನಾನು ಬಿಟ್ಟಿದ್ದೆ, ಒಂದಿಡೀ ಭಾನುವಾರ ಹೋಯ್ತು.

ಆಮೇಲೆ ಕಪ್ಸ್-ಫಿಲ್ಟರ್ಸ್‌ನ ಲಿಸ್ಟ್ ಫೈಲನ್ನು 'ಲೆಸ್' ಕೊಟ್ಟು ತೆರೆಯಿರಿ. ನನ್ನದರಲ್ಲಿ ಫೈಲ್‌ಗಳ ಹೆಸರು ಇರಬೇಕಾದ ಕಡೆ ಟೋಪಿಯಂಥ ಗುರುತು, ಅದರ ಪಕ್ಕ ಎಟ್ ಗುರುತು, ಪರದೆ ತುಂಬ ಅದೇ ಜೋಡಿ. ಅವು ಖಾಲಿ ಬೈಟ್‌ಗಳು. ಡಿಸ್ಕ್ ಮೇಲೆ ಫೈಲಿಗೆ ಜಾಗ ಆಗಿತ್ತು, ಅದರೊಳಗೆ ಬರೆಯಬೇಕಾದದ್ದು ಇನ್ನೂ ಮೆಮೊರಿಯಲ್ಲೇ ಇತ್ತು, ಅಷ್ಟರಲ್ಲಿ ಕರೆಂಟ್ ಹೋಯ್ತು.

ಕೆಟ್ಟಿರುವ ಲಿಸ್ಟ್ ಫೈಲನ್ನು ಅಳಿಸದೆ ಹೋಮ್‌ಗೆ ಸರಿಸಿ. ಮತ್ತೆ 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ. ಲಿಸ್ಟ್ ಫೈಲ್ ಕಾಣುತ್ತಿಲ್ಲ ಅಂತ ಎಚ್ಚರಿಕೆ ಬರುತ್ತದೆ, ಆದರೆ ಮುಂದೆ ಹೋಗುತ್ತದೆ. ಇನ್ನೊಂದು ಪ್ಯಾಕೇಜಿನ ಹೆಸರು ಹೇಳಿ ನಿಂತರೆ ಅದಕ್ಕೂ ಹೀಗೇ ಮಾಡಿ. ಲೈಬ್ರರಿಗಳಾದರೆ ಫೈಲ್ ಹೆಸರಿನಲ್ಲಿ ಎಎಂಡಿ64 ಅಂತಲೂ ಸೇರಿರುತ್ತದೆ, ಹುಡುಕುವಾಗ ಗಮನಿಸಿ. ಅದಾದ ಮೇಲೆ 'ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಕೊನೆಗೆ ಯಾವ ಯಾವ ಲಿಸ್ಟ್ ಸರಿಸಿದಿರೋ ಆ ಪ್ಯಾಕೇಜ್‌ಗಳನ್ನೆಲ್ಲ 'ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್' ಮಾಡಿ. ಆಗ ಲಿಸ್ಟ್ ಹೊಸದಾಗಿ ಹುಟ್ಟುತ್ತದೆ. ಹೆಸರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮರೆತುಹೋಗುತ್ತವೆ.

ಸ್ಟೇಟಸ್ ಫೈಲೇ ಹಾಳಾಗಿದ್ದರೂ ಹೆದರಬೇಡಿ. ಪಕ್ಕದಲ್ಲೇ 'ಸ್ಟೇಟಸ್-ಓಲ್ಡ್' ಇರುತ್ತದೆ. 'ವಾರ್' ಒಳಗಿನ 'ಬ್ಯಾಕಪ್ಸ್' ಫೋಲ್ಡರಿನಲ್ಲಿ ಇನ್ನೂ ಹಳೆಯ ಪ್ರತಿಗಳಿರುತ್ತವೆ. ಎರಡನೇ ಸಲ ನನ್ನನ್ನು ಉಳಿಸಿದ್ದು ಅದೇ. ಹಳೆಯ ಪ್ರತಿ ಹಾಕಿದರೆ ಆ ದಿನದ ನಂತರ ಇನ್‌ಸ್ಟಾಲ್ ಮಾಡಿದ್ದು ಡಿಪಿಕೆಜಿಗೆ ನೆನಪಿರುವುದಿಲ್ಲ. ಆಪ್ಟ್‌ನ ಹಿಸ್ಟರಿ ಲಾಗ್ ನೋಡಿ ಅವನ್ನು ಮತ್ತೆ ಹಾಕಬೇಕು.

ಗೋಕಾಕದಿಂದ

ಲಾಕ್ ವಿಷಯಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಉಬುಂಟು ತಾನಾಗಿಯೇ ಹಿಂದೆ ಅಪ್‌ಡೇಟ್ ನಡೆಸುತ್ತಿರುತ್ತದೆ. ನಾನು ಅದು ಗೊತ್ತಿಲ್ಲದೆ ಲಾಕ್ ಅಳಿಸಿ ಇನ್ನೊಂದು ಇನ್‌ಸ್ಟಾಲ್ ಶುರು ಮಾಡಿದೆ. ಎರಡೂ ಒಟ್ಟಿಗೆ ಬರೆದು ಎಲ್ಲ ಕಲಸಿಹೋಯ್ತು. ಲಾಕ್ ತಪ್ಪು ಬಂದರೆ ಯಾರು ಹಿಡಿದಿದ್ದಾರೆ ಅಂತ ಅದರಲ್ಲೇ ಪ್ರೋಸೆಸ್ ನಂಬರ್ ಇರುತ್ತದೆ. 'ಅನ್‌ಅಟೆಂಡೆಡ್' ಅಂತ ಹೆಸರು ಕಂಡರೆ ಸುಮ್ನೆ ಅದು ಮುಗಿಯುವವರೆಗೆ ಕಾಯಿರಿ.

'ಡಿಎಫ್ -ಎಚ್' ಕೊಟ್ಟು ಜಾಗವನ್ನೂ ನೋಡಿ. ಬೂಟ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಹಳೆಯ ಕರ್ನಲ್‌ಗಳೇ (ಸಿಸ್ಟಮ್‌ನ ತಿರುಳಿನ ಫೈಲ್‌ಗಳು) ಅದನ್ನು ತುಂಬಿಬಿಡುತ್ತವೆ. ಜಾಗವಿಲ್ಲದಿದ್ದರೆ ಮೇಲೆ ಹೇಳಿದ್ದು ಯಾವುದೂ ಪೂರ್ತಿಯಾಗುವುದಿಲ್ಲ. 'ಆಪ್ಟ್ ಕ್ಲೀನ್', 'ಆಪ್ಟ್ ಆಟೋರಿಮೂವ್' ಸಾಕಾಗಬಹುದು.

ಬಾಗಲಕೋಟೆಯಿಂದ

ಅಣ್ಣಾ, ನನ್ನದು ಬೇರೆ ಕಾರಣ, ಆದರೂ ಬೇರೆಯವರಿಗೆ ಬೇಕಾಗಬಹುದು. ಕಾಲೇಜ್ ಪ್ರಾಜೆಕ್ಟಿಗೆ ಹೊಸ ಪೈಥಾನ್ ಬೇಕಿತ್ತು. 'ಪೈಥಾನ್3' ಅನ್ನುವ ಲಿಂಕನ್ನೇ ಹೊಸದಕ್ಕೆ ತಿರುಗಿಸಿದೆ. ಮರುದಿನ ಆಪ್ಟ್ ಅಪ್‌ಡೇಟ್ ಕೊನೆಯಲ್ಲಿ ತಪ್ಪು ತೋರಿಸಿತು, ಟರ್ಮಿನಲ್ ಕಿಟಕಿ ತೆರೆಯುವುದೂ ನಿಂತಿತು. ಉಬುಂಟುವಿನ ಟರ್ಮಿನಲ್ ಶುರುವಾಗುವುದು ಪೈಥಾನ್ ಮೂಲಕ ಅಂತ ಆಗಲೇ ಗೊತ್ತಾಗಿದ್ದು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಲಿಂಕನ್ನು ಮತ್ತೆ 3.10ಕ್ಕೆ ತಿರುಗಿಸಿದೆ. 22.04ರ ಜೊತೆ ಬರುವುದು ಅದೇ. ಎರಡೂ ಸರಿಯಾದವು. ಹೊಸ ಪೈಥಾನ್ ಬೇಕಾದರೆ ಅದನ್ನು ಬೇರೆಯಾಗಿ ಹಾಕಿ, ಅದರಿಂದ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗಷ್ಟೇ ಮೀಸಲಾದ ಪ್ರತ್ಯೇಕ ಜಾಗ) ಮಾಡಿಕೊಳ್ಳಿ, ಸಿಸ್ಟಮ್‌ನದ್ದನ್ನು ಅದರ ಪಾಡಿಗೆ ಬಿಡಿ.

ಕೇಳಿದವರು, ವಿಜಯಪುರ

ಎಲ್ಲರಿಗೂ ಶರಣು. ಬೆಳಗಾವಿ ಸರ್ ಹೇಳಿದ ಹಾಗೆಯೇ ಮೊದಲು ಕಾಪಿ ಮಾಡಿಕೊಂಡೆ. ಲಿಸ್ಟ್ ತೆರೆದರೆ ನೀವು ಹೇಳಿದ ಅದೇ ಟೋಪಿ ಗುರುತು! ಒಂದಲ್ಲ, ಮೂರು ಪ್ಯಾಕೇಜಿನದು ಕೆಟ್ಟಿತ್ತು. ಪ್ರತಿ ಸಲ ಒಂದೊಂದೇ ಹೆಸರು ಹೇಳಿ ನಿಲ್ಲುತ್ತಿತ್ತು, ಮೂರನೆಯದನ್ನು ಸರಿಸಿದ ಮೇಲೆ ಕಾನ್ಫಿಗರ್ ಕೊನೆಯವರೆಗೂ ಓಡಿತು. ರೀಇನ್‌ಸ್ಟಾಲ್‌ನಲ್ಲಿ ಎರಡು ಸರಾಗ ಆದವು, ಒಂದು ಡೌನ್‌ಲೋಡ್ ಆಗಲಿಲ್ಲ. 'ಆಪ್ಟ್ ಅಪ್‌ಡೇಟ್' ಕೊಟ್ಟು ಮತ್ತೆ ಮಾಡಿದೆ, ಬಂತು. ರಾತ್ರಿ ಹನ್ನೊಂದಕ್ಕೆ ಪ್ರಿಂಟರ್ ಮಾತು ಕೇಳಿತು. ಒಂದು ಲಗ್ನಪತ್ರಿಕೆ ಕಟ್ ಮಾಡಿ ಇಟ್ಟಿದ್ದೇನೆ, ಇನ್ನೊಂದು ಈಗ ಹೊರಬರುತ್ತಿದೆ. ಯುಪಿಎಸ್ ಬ್ಯಾಟರಿ ಸಂಜೆ ತರುತ್ತೇನೆ, ಅಲ್ಲಿಯವರೆಗೆ ಅಪ್‌ಗ್ರೇಡ್ ಮುಟ್ಟುವುದಿಲ್ಲ.