ಸೋಲರ್‌ಗೆ ಪಾಸ್‌ವರ್ಡ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ 401: ಅಡ್ಮಿನ್ ಜೊತೆ ಪ್ರಶ್ನೋತ್ತರ

ಹರಿಹರ: ಸರ್, ಲೈಬ್ರರಿ ಹುಡುಕಾಟಕ್ಕೆ ಸೋಲರ್ ಅನ್ನೋ ಸರ್ಚ್ ಸಾಫ್ಟ್‌ವೇರ್ ಇಟ್ಟಿದೀವಿ. ಬೇಸಿಕ್ ಆಥ್, ಅಂದ್ರೆ ಹೆಸರು-ಪಾಸ್‌ವರ್ಡ್ ಕಾವಲು, ಹಾಕಿದ್ವಿ. ಬ್ರೌಸರ್‌ನಲ್ಲಿ ಲಾಗಿನ್ ಆಗುತ್ತೆ, ಟರ್ಮಿನಲ್‌ನಲ್ಲಿ ಬಿನ್/ಸೋಲರ್ ಸ್ಕ್ರಿಪ್ಟ್‌ಗೆ ಸ್ಟೇಟಸ್ ಕೊಟ್ರೆ 401 ಅನ್ನೋ ಎರರ್.

ಅಡ್ಮಿನ್: ಬ್ರೌಸರ್ ಪಾಸ್‌ವರ್ಡ್ ಕೇಳುತ್ತೆ, ಈ ಸ್ಕ್ರಿಪ್ಟ್ ಕೇಳಲ್ಲ. /ಇಟಿಸಿ/ಡೀಫಾಲ್ಟ್ ಒಳಗಿನ ಸೋಲರ್.ಇನ್.ಎಸ್‌ಎಚ್ ಫೈಲ್‌ನಲ್ಲಿ ಎರಡು ಸಾಲು ಬೇಕು: ಸೋಲರ್_ಆಥ್_ಟೈಪ್ ಎದುರು ಬೇಸಿಕ್, ಸೋಲರ್_ಆಥೆಂಟಿಕೇಶನ್_ಆಪ್ಟ್ಸ್ ಎದುರು -ಡಿಬೇಸಿಕ್‌ಆಥ್=ಹೆಸರು:ಪಾಸ್‌ವರ್ಡ್.

ಚಳ್ಳಕೆರೆ: ನನಗೂ 401 ಸರ್.

ಅಡ್ಮಿನ್: ಮೇಲೆ ಓದ್ರಿ.

ಜಗಳೂರು: ಇಷ್ಟೆಲ್ಲ ಯಾಕೆ? ಸೋಲರ್‌ನ ಭದ್ರತಾ ಫೈಲ್ ಸೆಕ್ಯುರಿಟಿ.ಜೆಸನ್‌ನಲ್ಲಿ ಬ್ಲಾಕ್‌ಅನ್‌ನೋನ್ (ಲಾಗಿನ್ ಆಗದವರನ್ನ ತಡೆಯೋದು) ಫಾಲ್ಸ್ ಮಾಡಿ. ಇನ್ನೊಂದು ಗುಂಪಿನಿಂದ ಬಂದ ಫೈಲ್ ಹಾಕಿದೀನಿ, ಹಾಗೇ ಪೇಸ್ಟ್ ಮಾಡ್ಕೊಳ್ಳಿ.

ಅಡ್ಮಿನ್: ಯಾರೂ ಪೇಸ್ಟ್ ಮಾಡಬೇಡ್ರಿ. ಕೀಲಿ ತಿರುಗ್ತಿಲ್ಲ ಅಂತ ಬಾಗಿಲನ್ನೇ ಕಿತ್ತಿಡ್ತೀರಾ? ಅನುಮತಿ ನಿಯಮ ಬರೆಯದ ಪ್ರತಿ ದಾರಿಯೂ ಹೆಸರು ಹೇಳದವರಿಗೆ ತೆರೆದುಕೊಳ್ಳುತ್ತೆ. ಮೇಲಾಗಿ ಆ ಫೈಲ್‌ನಲ್ಲಿರೋದು ಸೋಲರ್ ಕೈಪಿಡಿಯ ಮಾದರಿ ಹ್ಯಾಶ್, ಅಂದ್ರೆ ಪಾಸ್‌ವರ್ಡಿನ ಗುಪ್ತರೂಪ. ಅದರ ಪಾಸ್‌ವರ್ಡ್ ಸೋಲರ್‌ರಾಕ್ಸ್ ಅಂತ ಲೋಕಕ್ಕೇ ಗೊತ್ತು.

ಹೊಳಲ್ಕೆರೆ: ಎರಡೂ ಸಾಲು ಇವೆ. ರೂಟ್‌ನಲ್ಲಿ (ಎಲ್ಲ ಅಧಿಕಾರ ಇರೋ ಯೂಸರ್) ಸರಿ ಬರುತ್ತೆ. ನನ್ನ ಲಾಗಿನ್‌ನಲ್ಲಿ, ಹೊತ್ತಿಗೆ ಸರಿಯಾಗಿ ತಾನೇ ಓಡಿಸೋ ಕ್ರಾನ್‌ನಲ್ಲಿ 401. ಆದ್ರೆ ಕರ್ಲ್ ಆಜ್ಞೆಗೆ -ಯು ಹಾಕಿ ಹೆಸರು-ಪಾಸ್‌ವರ್ಡ್ ಕೊಟ್ರೆ ನನ್ನ ಲಾಗಿನ್‌ನಲ್ಲೂ ಉತ್ತರ ಬರುತ್ತೆ!

ಅಡ್ಮಿನ್: ಇದು ಕೇಳಬೇಕಾದ ಪ್ರಶ್ನೆ. ಕರ್ಲ್‌ಗೆ ಉತ್ತರ ಬಂತು ಅಂದ್ರೆ ಸರ್ವರ್ ಸರಿ, ಪಾಸ್‌ವರ್ಡೂ ಸರಿ. ಸ್ಕ್ರಿಪ್ಟ್‌ಗೆ ಪಾಸ್‌ವರ್ಡ್ ಸಿಗ್ತಿಲ್ಲ ಅಷ್ಟೇ. ಎಲ್‌ಎಸ್ -ಎಲ್ ಹೊಡೆದು ನೋಡ್ರಿ: ಫೈಲ್ ರೂಟ್‌ದು, ಗುಂಪು ಸೋಲರ್, ಅನುಮತಿ 640, ಅಂದ್ರೆ ರೂಟ್ ಮತ್ತು ಆ ಗುಂಪು ಬಿಟ್ಟು ಬೇರೆಯವರು ಓದೋ ಹಾಗಿಲ್ಲ. ನಿಮ್ಮ ಲಾಗಿನ್‌ಗೆ ಓದಕ್ಕೆ ಬರಲ್ಲ. ಓದಕ್ಕಾಗದ ಫೈಲನ್ನ ಸ್ಕ್ರಿಪ್ಟ್ ತುಟಿ ಪಿಟಕ್ಕೆನ್ನದೆ ದಾಟಿ ಹೋಗುತ್ತೆ, ತಪ್ಪು ಅಂತಾನೂ ಹೇಳಲ್ಲ. ಸುಡೋ -ಯು ಸೋಲರ್ ಹಾಕಿ ಸೋಲರ್ ಯೂಸರ್ ಆಗಿ ಓಡಿಸ್ರಿ, ಕ್ರಾನ್ ಸಾಲನ್ನೂ ಸೋಲರ್ ಯೂಸರ್‌ನ ಕ್ರಾನ್‌ಟ್ಯಾಬ್‌ಗೆ ಹಾಕ್ರಿ. 644 (ಎಲ್ಲರೂ ಓದಬಹುದು) ಮಾತ್ರ ಮಾಡಬೇಡ್ರಿ, ಒಳಗೆ ಪಾಸ್‌ವರ್ಡ್ ಬಿಚ್ಚಿಟ್ಟಂಗೆ ಇದೆ. ಇನ್ನೊಂದು: ಈ ಫೈಲ್‌ಗಾಗಿ ಸ್ಕ್ರಿಪ್ಟ್ ಮೊದಲು ತಾನಿರೋ ಬಿನ್ ಫೋಲ್ಡರ್ ನೋಡುತ್ತೆ, ಆಮೇಲೆ ನಿಮ್ಮ ಹೋಮ್, /ಇಟಿಸಿ ಬರೋದು ಅದಕ್ಕೂ ಆಮೇಲೆ. ಮೊದಲು ಸಿಕ್ಕಿದ್ದಕ್ಕೇ ನಿಂತುಬಿಡುತ್ತೆ. ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡುವಾಗ ಬಿನ್‌ನಲ್ಲಿರೋ ಫೈಲ್‌ಗೆ .ಓರಿಜ್ ಬಾಲ ಬರುತ್ತೆ. ಅದನ್ನ ಯಾರಾದ್ರೂ ಹಳೇ ಹೆಸರಿಗೆ ತಂದಿದ್ರೆ /ಇಟಿಸಿಯಲ್ಲಿ ಎಷ್ಟು ತಿದ್ದಿದ್ರೂ ದಂಡ.

ಹಿರಿಯೂರು: ಸರ್, ಕನ್ನಡ ಪದಗಳ ವಿಭಕ್ತಿ ಬಿಡಿಸಿ ಹುಡುಕೋಕೆ ಸೋಲರ್‌ನಲ್ಲಿ ಏನು ಸೆಟ್ಟಿಂಗ್?

ಚಿತ್ರದುರ್ಗ: ಇದಕ್ಕೇ ಸೋಲರ್ ಬಿಟ್ಟು ಎಲಾಸ್ಟಿಕ್‌ಸರ್ಚ್ ಹಾಕಿ ಅನ್ನೋದು.

ಜಗಳೂರು: ಅದಕ್ಕೇನು ಪಾಸ್‌ವರ್ಡ್ ಇಲ್ವಾ? 8ನೇ ಆವೃತ್ತಿಯಿಂದ ಸೆಕ್ಯುರಿಟಿ ತಾನಾಗೇ ಆನ್, ಮೇಲೆ ಸರ್ಟಿಫಿಕೇಟ್ ಕಾಟ.

ಚಿತ್ರದುರ್ಗ: ಬಾಗಿಲು ಕಿತ್ತಿಡೋರು ಸೆಕ್ಯುರಿಟಿ ಪಾಠ ಹೇಳ್ತಿದಾರೆ.

ಜಗಳೂರು: ನೀವು ಒಂದಾದ್ರೂ ಪ್ರಶ್ನೆಗೆ ಉತ್ತರ ಕೊಟ್ಟಿದೀರಾ?

ದಾವಣಗೆರೆ: ನನಗೆ ರೂಟ್‌ನಲ್ಲೂ 401. ಪಾಸ್‌ವರ್ಡ್ "ಬೆಣ್ಣೆ$5", ಜೋಡಿ ಉದ್ಧರಣೆಯೊಳಗೇ ಹಾಕಿದೀನಿ.

ಅಡ್ಮಿನ್: ಜೋಡಿ ಉದ್ಧರಣೆಯೊಳಗೆ $5 ಅನ್ನೋದನ್ನ ಶೆಲ್ ನುಂಗುತ್ತೆ. ಉಳಿಯೋದು ಬರೀ ಬೆಣ್ಣೆ. ಒಂಟಿ ಉದ್ಧರಣೆ ಹಾಕ್ರಿ. ಅದಕ್ಕೂ ಮೊದಲು ಪಾಸ್‌ವರ್ಡ್ ಬದಲಾಯಿಸ್ರಿ, ಇಡೀ ಗುಂಪಿಗೆ ಹೇಳಿಬಿಟ್ರಲ್ಲ.

ಚಳ್ಳಕೆರೆ: ಈಗ 403 ಬರ್ತಿದೆ.

ಅಡ್ಮಿನ್: 401 ಅಂದ್ರೆ ಯಾರು ಅಂತ ಗೊತ್ತಾಗಿಲ್ಲ, 403 ಅಂದ್ರೆ ಗೊತ್ತಾಗಿದೆ, ಅಧಿಕಾರ ಇಲ್ಲ. ಯೂಸರ್-ರೋಲ್ (ಯಾರಿಗೆ ಯಾವ ಅಧಿಕಾರ ಅನ್ನೋದು) ನೋಡ್ರಿ.

ಹರಿಹರ: ಸರ್, ಇನ್ನೂ 401.

ಅಡ್ಮಿನ್: ಯಾವ ಯೂಸರ್‌ನಲ್ಲಿ ಓಡಿಸ್ತಿದೀರಿ? ಹೊಳಲ್ಕೆರೆಯವರಿಗೆ ಬರೆದಿದ್ದು ಓದಿದ್ರಾ? ಓದದೆ ಕೇಳಬೇಡ್ರಿ.

ಹೊಳಲ್ಕೆರೆ: ಕ್ರಾನ್ ಸರಿಹೋಯ್ತು ಸರ್. 640 ಇತ್ತು.

ಹಿರಿಯೂರು: ನನ್ನ ವಿಭಕ್ತಿ?