ಪದಚರ್ಚೆ: ಗೊಬ್ಬರದ ಡ್ರಮ್ಮಿಗೊಂದು ಹೆಸರು, ಟ್ಯಾಂಕಿಗೊಂದು ಹೆಸರು ಬೇಕು (ತುರ್ತು)

ದಾವಣಗೆರೆಯಿಂದ, ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕು. ನಾಳೆ ಸಂಜೆಯೊಳಗೆ ಫ್ಲೆಕ್ಸ್‌ನವನಿಗೆ ಕೊಡಬೇಕು.

ನಮ್ಮ ಭಾವ ಆನಗೋಡಿನ ಕಡೆ ಪಾಲಿಹೌಸ್‌ನಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯುತ್ತಾರೆ. ಲೆಟ್ಯೂಸ್ ಜಾಸ್ತಿ, ಸ್ವಲ್ಪ ಪಾಲಕ್. ಪೈಪಿನೊಳಗೆ ತೆಳ್ಳಗೆ ನೀರು ಹರಿಯುತ್ತಿರುತ್ತದೆ, ಬೇರು ಅದರಲ್ಲಿ ನೆನೆಯುತ್ತಿರುತ್ತದೆ. ಗಿಡದ ಊಟವೆಲ್ಲ ಆ ನೀರಿನಲ್ಲೇ. ಗೊಬ್ಬರವನ್ನು ಮೊದಲೇ ಎರಡು ಡ್ರಮ್ಮಿನಲ್ಲಿ ಗಟ್ಟಿಯಾಗಿ ಕರಗಿಸಿ ಇಟ್ಟಿರುತ್ತಾರೆ. ಎ ಡ್ರಮ್ಮಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಕಬ್ಬಿಣ. ಬಿ ಡ್ರಮ್ಮಿನಲ್ಲಿ ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಷ್, ರಂಜಕ, ಮತ್ತೆ ಚಿಟಿಕೆ ಚಿಟಿಕೆ ಬೇಕಾಗುವ ಸತು, ಬೋರಾನ್ ಎಲ್ಲ. ಟ್ಯಾಂಕಿನ 100 ಲೀಟರ್ ನೀರಿಗೆ ಎ ಒಂದು ಲೀಟರ್, ಬಿ ಒಂದು ಲೀಟರ್.

ಬೋರ್ಡು ಬರೆದುಕೊಟ್ಟವಳು ನಾನೇ. ಒಂದು ಡ್ರಮ್ಮಿನ ಮೇಲೆ ‘ಪೋಷಕಾಂಶ ದ್ರಾವಣ ಎ’. ಇನ್ನೊಂದರ ಮೇಲೆ ‘ಪೋಷಕಾಂಶ ದ್ರಾವಣ ಬಿ’. ಕೆಳಗಿನ ಟ್ಯಾಂಕಿನ ಮೇಲೆ ‘ಪೋಷಕಾಂಶ ದ್ರಾವಣ’. ಕಳೆದ ವಾರ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸೊಬ್ಬರು ಎ ಕಡಿಮೆಯಾಗಿದೆ ಅಂತ ಬಿಯಿಂದ ನಾಲ್ಕು ಬಕೆಟ್ ಮೊಗೆದು ಎಗೆ ಸುರಿದರು. ಎಲ್ಲವೂ ಪೋಷಕಾಂಶ ದ್ರಾವಣವೇ ಅಲ್ವಾ? ನೋಡನೋಡುತ್ತಲೇ ಡ್ರಮ್ಮು ಮಜ್ಜಿಗೆಯಂತಾಯಿತು. ಗಟ್ಟಿಯಾಗಿದ್ದಾಗ ಕ್ಯಾಲ್ಸಿಯಂ ಸಲ್ಫೇಟ್ ಜೊತೆ ಸೇರಿದರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತದಂತೆ. ರಂಜಕವೂ ಹಾಗೇ ಅದರ ಜೊತೆ ಸುಣ್ಣದಂತಾಗುತ್ತದೆ. ತಳಕ್ಕೆ ಕೂತದ್ದು ಗಿಡಕ್ಕೆ ದಕ್ಕುವುದಿಲ್ಲ. ಎರಡೂ ಡ್ರಮ್ಮು ಚರಂಡಿಗೆ ಹೋಯಿತು.

ಆಯಮ್ಮನದೇನೂ ತಪ್ಪಿಲ್ಲ, ತಪ್ಪು ಬೋರ್ಡಿನದು. ಡ್ರಮ್ಮಿನ ಗಟ್ಟಿ ದ್ರಾವಣಕ್ಕೆ ಒಂದು ಪದ, ಟ್ಯಾಂಕಿನ ತೆಳು ದ್ರಾವಣಕ್ಕೆ ಬೇರೆಯೇ ಪದ ಬೇಕು. ಹಾಗೇ ಪಿಎಚ್ (ನೀರು ಎಷ್ಟು ಹುಳಿ ಅಂತ ತೋರಿಸುವ ಅಂಕಿ), ಇಸಿ (ಕರಗಿದ ಉಪ್ಪಿನಂಶ ಎಷ್ಟು ಅಂತ ತೋರಿಸುವ ಅಂಕಿ) ಇವುಗಳಿಗೂ ಹೇಳಿ. ಪದ ಸಾಕು, ಪ್ರಬಂಧ ಬೇಡ.

ಚಿತ್ರದುರ್ಗದಿಂದ, ಸೋಮವಾರ ಬೆಳಿಗ್ಗೆ

ತಾಯೀ, ಬುಡವೇ ಸರಿ ಇಲ್ಲದೆ ಬೋರ್ಡು ಸರಿ ಮಾಡುತ್ತೇನೆ ಎಂದರೆ ಹೇಗೆ? ಮೊದಲು ಹೈಡ್ರೊಪೋನಿಕ್ಸ್‌ಗೆ, ಅಂದರೆ ಈ ಮಣ್ಣಿಲ್ಲದ ಬೇಸಾಯಕ್ಕೆ, ಕನ್ನಡ ಬೇಕು. ಪತ್ರಿಕೆಯವರು ಜಲಕೃಷಿ ಎನ್ನುತ್ತಾರೆ. ಮೀನು ಸಾಕುವುದನ್ನೂ ಜಲಕೃಷಿ ಎನ್ನುತ್ತಾರೆ. ಬೇರಿಗೂ ಮೀನಿಗೂ ಒಂದೇ ಹೆಸರು!

ಈ ಪದವನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕೆ. ಗ್ರೀಕಿನ ‘ಹೈಡ್ರೊ’ ಅಂದರೆ ನೀರು, ‘ಪೋನೋಸ್’ ಅಂದರೆ ದುಡಿಮೆ. ಮಣ್ಣಿನ ಬೇಸಾಯಕ್ಕೆ ಅದಾಗಲೇ ಜಿಯೋಪೋನಿಕ್ಸ್ ಎಂಬ ಮಾತಿತ್ತು, ಅದೇ ಅಚ್ಚಿನಲ್ಲಿ ಎರಕ ಹೊಯ್ದರು. ಈಗ ನಮ್ಮ ಗೆಯ್ಮೆ ನೋಡಿ. ಗೆಯ್ ಅಂದರೆ ದುಡಿ. ‘ಹೊಲ ಗೇಯುವುದು’ ಅಂದರೆ ಉಳುವುದು. ಗ್ರೀಕರ ಪೋನೋಸ್ ಮಾಡುವ ಎರಡೂ ಕೆಲಸವನ್ನು ನಮ್ಮ ಗೆಯ್ಮೆಯೂ ಮಾಡುತ್ತದೆ. ಆದ್ದರಿಂದ ‘ನೀರ್ಗೆಯ್ಮೆ’. ಇದಕ್ಕಿಂತ ಒಪ್ಪುವ ಪದ ಇದ್ದರೆ ತೋರಿಸಲಿ.

ದ್ರಾವಣವನ್ನು ಬಿಸಾಡಿ. ನಮಗೆ ಸಾರು ಇದೆ. ಸಂಸ್ಕೃತದ ‘ಸಾರ’ದಿಂದ ಬಂತು ಎಂದು ಯಾರೂ ಕತ್ತಿ ಮಸೆಯಬೇಡಿ. ಹಳಗನ್ನಡದಲ್ಲಿ ಅದು ಸಾಱು, ಶಕಟರೇಫದ್ದು, ಅಂದರೆ ಹಳೆಯ ‘ಱ’ ಅಕ್ಷರದ್ದು. ತಮಿಳಿನಲ್ಲಿ ಕಬ್ಬಿನ ಹಾಲಿಗೂ ಚಾಱು ಎನ್ನುತ್ತಾರೆ. ಅಂದರೆ ಗಿಡದ ರಸಕ್ಕೇ ಹುಟ್ಟಿದ ಅಚ್ಚ ದ್ರಾವಿಡ ಪದ. ಡ್ರಮ್ಮಿನದು ‘ಗಟ್ಟಿಸಾಱು’, ಟ್ಯಾಂಕಿನದು ‘ಬೇರುಸಾಱು’. ಱ ಬಿಡಬೇಡಿ.

ಹರಿಹರದಿಂದ, ಸೋಮವಾರ ಮಧ್ಯಾಹ್ನ

ಇರುವ ಪದವನ್ನೇ ಬಳಸಿ ಮೇಡಂ. ವಿಜ್ಞಾನದ ಪಠ್ಯಪುಸ್ತಕದಲ್ಲಿ ಇದೆ. ಗಟ್ಟಿಯದಕ್ಕೆ ‘ಸಾರೀಕೃತ ದ್ರಾವಣ’, ತೆಳುವಿಗೆ ‘ಸಾರರಿಕ್ತ ದ್ರಾವಣ’. ಇಸಿಗೆ ‘ವಿದ್ಯುತ್ ವಾಹಕತೆ’. ಪಿಎಚ್‌ಗೆ ಕೃಷಿ ಇಲಾಖೆಯವರು ‘ರಸಸಾರ’ ಎನ್ನುತ್ತಾರೆ. ಚರ್ಚೆ ಮುಗಿಯಿತು.

ದಾವಣಗೆರೆಯಿಂದ, ಸೋಮವಾರ ಮಧ್ಯಾಹ್ನ

ಮುಗಿಯಲಿಲ್ಲ ಸರ್. ಸಾರೀಕೃತ, ಸಾರರಿಕ್ತ ಎರಡೂ ಸಾರದಲ್ಲೇ ಶುರುವಾಗುತ್ತವೆ. ಓಡಾಡುತ್ತಾ ಓದುವವರಿಗೆ ಮತ್ತೆ ಅದೇ ಗೊಂದಲ. ಅದೂ ಅಲ್ಲದೆ ಗಿಡಕ್ಕೆ ಊಟ ಕೊಡುವ ಟ್ಯಾಂಕಿನ ಮೇಲೆ ‘ಸಾರ ಇಲ್ಲದ್ದು’ ಅಂತ ಬರೆದರೆ ನಮ್ಮ ಭಾವ ನನ್ನನ್ನು ಮನೆಗೆ ಸೇರಿಸುವುದಿಲ್ಲ.

‘ವಿದ್ಯುತ್ ವಾಹಕತೆ 1.4’ ಅಂತ ಹಳೇ ಬೋರ್ಡಿನಲ್ಲಿ ಇತ್ತು. ಒಬ್ಬರು ಮೂರು ದಿನ ಆ ನೀರಿಗೆ ಕೈ ಹಾಕಲಿಲ್ಲ. ಕೇಳಿದರೆ, ‘ಕರೆಂಟು ಐತಂತಲ್ರೀ ಅದ್ರಾಗ’ ಅಂದರು.

ಮೇಷ್ಟ್ರೇ, ನೀರ್ಗೆಯ್ಮೆ ಚೆನ್ನಾಗಿದೆ, ನಿಜವಾಗಿಯೂ. ಆದರೆ ಸಾರು ಬೇಡ. ಊಟದ ಹೊತ್ತಿಗೆ ಯಾರಾದರೂ ಮುದ್ದೆಗೆ ಬಡಿಸಿಕೊಂಡರೆ?

ಹಿರಿಯೂರಿನಿಂದ, ಸೋಮವಾರ ರಾತ್ರಿ

ಅಕ್ಕಾ, ನಾನು ಇದೇ ಕಸುಬಿನವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಪಂಡಿತರು ಕ್ಷಮಿಸಲಿ.

ಪದ ಆರಿಸುವ ಮುಂಚೆ ಕೆಲಸ ನೋಡಿ. ಬೋರ್ಡು ಓದುವವರು ಮಾಡುವುದು ಎರಡೇ ತೀರ್ಮಾನ. ಟ್ಯಾಂಕಿಗೆ ಬರೀ ನೀರು ಹಾಕಬೇಕೋ, ಗೊಬ್ಬರ ಹಾಕಬೇಕೋ? ಹುಳಿ (ಆಸಿಡ್) ಬಿಡಬೇಕೋ ಬೇಡವೋ?

ಏಪ್ರಿಲ್ ಬಿಸಿಲಿಗೆ ಗಿಡ ಗೊಬ್ಬರಕ್ಕಿಂತ ನೀರನ್ನೇ ಜಾಸ್ತಿ ಕುಡಿಯುತ್ತದೆ. ಉಪ್ಪಿನಂಶ ಟ್ಯಾಂಕಿನಲ್ಲೇ ಉಳಿದು ಇಸಿ ಏರುತ್ತದೆ. ಆಗ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಬರೀ ನೀರು ಹಾಕಬೇಕು. ಮೋಡ ಕವಿದ ತಂಪು ದಿನದಲ್ಲಿ ಉಲ್ಟಾ ಆಗಬಹುದು. ಹಾಗಾಗಿ ಇಸಿಗೆ ‘ಉಪ್ಪು’ ಅಂತಲೇ ಬರೆಯಿರಿ. ಅಂಕಿ ಏರಿದರೆ ಉಪ್ಪು ಏರಿತು, ಇಳಿದರೆ ಇಳಿಯಿತು. ಮಾತು, ಮೀಟರು ಎರಡೂ ಒಂದೇ ಕಡೆ ಓಡುತ್ತವೆ. ಲೆಟ್ಯೂಸಿಗೆ 1.2ರಿಂದ 1.8 ಸಾಕು. ಮುಂದೆ ಟೊಮೆಟೊ ಹಾಕಿದರೆ ಎರಡರ ಮೇಲೆ ಬೇಕು, ಅದಕ್ಕೆ ಟ್ಯಾಂಕೇ ಬೇರೆ ಮಾಡಿ.

ಪಿಎಚ್‌ಗೆ ಮಾತ್ರ ‘ಹುಳಿ’ ಅಂತ ಬರೆಯಬೇಡಿ. ನಾನು ಬರೆದು ಕೆಟ್ಟೆ. ‘ಹುಳಿ 5.5ಕ್ಕಿಂತ ಕಡಿಮೆ ಆಗಬಾರದು’ ಅಂತ ಹಾಕಿದ್ದೆ. ನಮ್ಮ ಹುಡುಗ ಮೀಟರಿನಲ್ಲಿ 5.2 ನೋಡಿ, ಹುಳಿ ಕಡಿಮೆ ಆಯ್ತು ಅಂತ ಇನ್ನಷ್ಟು ಫಾಸ್ಫಾರಿಕ್ ಆಸಿಡ್ ಬಿಟ್ಟ. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ಕನ್ನಡದಲ್ಲಿ ಓದಿದವನಿಗೆ ಅದು ತಲೆಕೆಳಗು. ಅವನು ಓದಿದ್ದು ಸರಿ, ನಾನು ಬರೆದದ್ದು ತಪ್ಪು. ರಸಸಾರ ಕೆಟ್ಟ ಪದವೇನಲ್ಲ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರೈತರು ಕಂಡಿರುತ್ತಾರೆ. ಆದರೆ ಮೀಟರಿನ ಮೇಲೆ ಇರುವುದು ಪಿಎಚ್. ಬೋರ್ಡಿನಲ್ಲೂ ಅದೇ ಇರಲಿ. 5.5ರಿಂದ 6.5ರ ಒಳಗೆ ಇದ್ದರೆ ಸುಮ್ನೆ ಬಿಡಿ.

ನಮ್ಮ ಎರಡೂ ಜಿಲ್ಲೆಯಲ್ಲಿ ಬೋರ್ ನೀರು ಬಹಳ ಕಡೆ ಗಡಸು. ಮಾರಿಕಣಿವೆ ಅಣೆಕಟ್ಟಿನ ಕಾಲುವೆ ನೀರು ಸಿಗುವವರ ಪುಣ್ಯವೇ ಬೇರೆ. ನನ್ನ ಬೋರಿನ ಬರೀ ನೀರೇ ಇಸಿ 0.8 ತೋರಿಸುತ್ತದೆ. 1.4ಕ್ಕೆ ತರಬೇಕೆಂದರೆ ಗೊಬ್ಬರಕ್ಕೆ ಉಳಿಯುವ ಜಾಗ 0.6 ಅಷ್ಟೇ. ಅದರ ಬೈಕಾರ್ಬೊನೇಟು ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಏಳು ದಾಟಿತೆಂದರೆ ಕಬ್ಬಿಣ ಗಿಡಕ್ಕೆ ಸರಿಯಾಗಿ ಸಿಗದೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಜನ ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ!

ಬೋರ್ಡಿನಲ್ಲಿ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ ಅನ್ನುವ ಲೆಕ್ಕ) ಹಾಕಬೇಡಿ. ಇಸಿ 1.4 ಇದ್ದರೆ ಒಂದು ಮೀಟರು 700 ತೋರಿಸುತ್ತದೆ, ಇನ್ನೊಂದು 980. ಎರಡೂ ಸರಿ, ಗುಣಿಸುವ ಲೆಕ್ಕ ಬೇರೆ.

ಪದಕ್ಕೆ ಬಂದರೆ, ನಮ್ಮಲ್ಲಿ ಡ್ರಮ್ಮಿನದನ್ನು ‘ಡಿಕಾಕ್ಷನ್’ ಅಂತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಕಬ್ಬಿಣದಿಂದಾಗಿ ಎ ಡ್ರಮ್ಮು ಕಂದು ಬಣ್ಣ, ಅದಕ್ಕೆ ಬಂತೇನೋ. ಗಟ್ಟಿಯಾಗಿ ಇಟ್ಟುಕೊಂಡು ಬೇಕಾದಾಗ ಸ್ವಲ್ಪ ಬೆರೆಸುವುದು ಅನ್ನುವುದನ್ನು ಮತ್ತೆ ವಿವರಿಸಬೇಕಿಲ್ಲ.

ಚಿತ್ರದುರ್ಗದಿಂದ, ಮಂಗಳವಾರ ಬೆಳಗಿನ ಜಾವ

ಡಿಕಾಕ್ಷನ್! ಕನ್ನಡದ ಪದಚರ್ಚೆಯಲ್ಲಿ ಇದೊಂದು ಕಾಣುವುದು ಬಾಕಿ ಇತ್ತು.

ಲ್ಯಾಟಿನ್ನಿನಲ್ಲಿ ಅದರ ಅರ್ಥ ಕುದಿಸಿ ಇಳಿಸಿದ್ದು. ನಿಮ್ಮ ಡ್ರಮ್ಮನ್ನು ಯಾವ ಒಲೆಯ ಮೇಲೆ ಇಟ್ಟಿದ್ದಿರಿ? ಇನ್ನೊಂದು. ಸಾರು ಅಂದರೆ ಬಡಿಸಿಕೊಳ್ಳುತ್ತಾರೆ ಅಂದಿರಲ್ಲ ತಾಯೀ, ಡಿಕಾಕ್ಷನ್ ಅಂದರೆ ಕುಡಿಯುವುದಿಲ್ಲವೇ?

ಪೋರ್ಚುಗೀಸರು ಅಮೆರಿಕದ ಕಾಯಿಯೊಂದನ್ನು ನಮ್ಮ ತೀರಕ್ಕೆ ತಂದರು. ನಮ್ಮವರು ಕಚ್ಚಿ ನೋಡಿದರು. ಮೆಣಸಿನಂತೆ ಖಾರ, ಆಕಾರ ಕಾಯಿ. ಮೆಣಸಿನಕಾಯಿ ಅಂದರು, ಮುಗಿಯಿತು. ದಾವಣಗೆರೆಯವರು ದಿನಾ ಸಂಜೆ ಮಂಡಕ್ಕಿ ಜೊತೆ ತಿನ್ನುವ ಪದ ಅದು. ಆ ಧೈರ್ಯ ಈಗೆಲ್ಲಿ ಹೋಯಿತು?

ಚಳ್ಳಕೆರೆಯಿಂದ, ಮಂಗಳವಾರ ಬೆಳಿಗ್ಗೆ

ಫಿಲ್ಟರ್ ಕಾಫಿ ಡಿಕಾಕ್ಷನ್ನನ್ನೂ ಯಾರೂ ಕುದಿಸುವುದಿಲ್ಲ ಮೇಷ್ಟ್ರೇ. ಬಿಸಿನೀರು ಹೊಯ್ದು ತೊಟ್ಟಿಕ್ಕಲು ಬಿಡುತ್ತೇವೆ. ಲ್ಯಾಟಿನ್ನು ಅಡುಗೆಮನೆಗೆ ಬಂದಿಲ್ಲ.

ಮೆಣಸಿನಕಾಯಿ ಒಪ್ಪಿದೆ. ಟೊಮೆಟೊ? ಅದು ಮೆಕ್ಸಿಕೊದ ನಹುವಾಟ್ಲ್ ಭಾಷೆಯದು, ದಿನಾ ನಿಮ್ಮ ಸಾಱಿನಲ್ಲೇ ಬೇಯುತ್ತಿದೆ. ನಿಮ್ಮೂರ ಚಂದ್ರವಳ್ಳಿಯಲ್ಲಿ ಮಯೂರಶರ್ಮ ಕೆರೆಯ ವಿಷಯ ಬರೆಸಿದ್ದು ಪ್ರಾಕೃತದಲ್ಲಿ. ಅದಕ್ಕೆ ಕೆರೆ ಸೋರಿತೇ?

ಚಿತ್ರದುರ್ಗದಿಂದ, ಮಂಗಳವಾರ ಬೆಳಿಗ್ಗೆ

ಶಾಸನ ಪ್ರಾಕೃತದ್ದು. ಇವತ್ತು ಕೆರೆಯ ಮಾತು ಯಾವುದು? ಏರಿ, ತೂಬು, ಕೋಡಿ. ನೀರಿನ ಜೊತೆ ದಿನಾ ಕೆಲಸ ಮಾಡುವವರ ಬಾಯಲ್ಲಿ ಪ್ರಾಕೃತ ಉಳಿಯಲಿಲ್ಲ, ಈ ಪದಗಳು ಉಳಿದವು. ನಾನು ಹೇಳುತ್ತಿರುವುದೂ ಅದನ್ನೇ.

ಹರಿಹರದಿಂದ, ಮಂಗಳವಾರ ಬೆಳಿಗ್ಗೆ

ಡಿಕಾಕ್ಷನ್‌ಗೆ ‘ಕಷಾಯ’ ಇದೆಯಲ್ಲ. ಯಾಕಿಷ್ಟು ಜಗಳ?

ಹಿರಿಯೂರಿನಿಂದ, ಮಂಗಳವಾರ ಬೆಳಿಗ್ಗೆ

ಬೇಡವೇ ಬೇಡ. ಕಷಾಯ ಅಂದರೆ ರೈತರಿಗೆ ಬೇವಿನ ಸೊಪ್ಪಿನದು, ಹುಳಕ್ಕೆ ಸಿಂಪಡಿಸುವುದು. ಡ್ರಮ್ಮಿನ ಮೇಲೆ ಬರೆದರೆ ಅದನ್ನು ಪಂಪಿಗೆ ತುಂಬಿ ಎಲೆಗೇ ಹೊಡೆಯುತ್ತಾರೆ. ಎಲೆ ಕರಕಲು.

ಹನಿ ನೀರಾವರಿಯಲ್ಲಿ ಗೊಬ್ಬರ ಬಿಡುವುದಕ್ಕೆ ‘ರಸಾವರಿ’ ಅನ್ನುವ ಪದ ಆಗಲೇ ಓಡುತ್ತಿದೆ. ಟ್ಯಾಂಕಿಗೆ ಅದು ಆಗುತ್ತದೇನೋ ಅಂತ ರಾತ್ರಿ ಯೋಚಿಸಿದೆ. ಆದರೆ ಅದು ಕೆಲಸದ ಹೆಸರು, ನೀರಿನ ಹೆಸರಲ್ಲ.

ಹೊಳಲ್ಕೆರೆಯಿಂದ, ಮಂಗಳವಾರ ಮಧ್ಯಾಹ್ನ

ನೀರಾವರಿಯನ್ನು ಕತ್ತರಿಸಿ ಬಾಲವನ್ನು ರಸಕ್ಕೆ ಅಂಟಿಸಿದ್ದಾರೆ, ಅಷ್ಟೇ. ಅದೂ ಒಂದು ಪದವೇ? ಅಕ್ಕಾರೇ, ಇಲ್ಲಿ ಕೇಳುವುದು ಬಿಟ್ಟು ಕೆಲಸದವರನ್ನು ಕೇಳಿದ್ದೀರಾ?

ದಾವಣಗೆರೆಯಿಂದ, ಮಂಗಳವಾರ ಸಂಜೆ

ಕೇಳಿದೆ. ಮಧ್ಯಾಹ್ನ ಹೋಗಿದ್ದೆ. ಎ ಡ್ರಮ್ಮಿಗೆ ಅವರು ‘ಚಾ ಡ್ರಮ್ಮು’ ಅನ್ನುತ್ತಾರೆ, ಬಿಗೆ ‘ಬಿಳೇ ಡ್ರಮ್ಮು’. ಒಳಗಿರುವುದನ್ನು ‘ಗಟ್ಟಿ’ ಅನ್ನುತ್ತಾರೆ. ‘ಎರಡು ಲೀಟರ್ ಗಟ್ಟಿ ಬಿಡು’ ಅಂತ. ಟ್ಯಾಂಕಿನದಕ್ಕೆ ಹೆಸರೇ ಇಲ್ಲ, ‘ನೀರು’ ಅಷ್ಟೇ. ಬೇರೆ ನೀರಿಂದ ಬೇರ್ಪಡಿಸಲು ನಾನು ‘ಬೇರಿನ ನೀರು’ ಅಂದೆ. ಮಜ್ಜಿಗೆ ಮಾಡಿದ ಆಯಮ್ಮನೇ ‘ಹಂಗಂದ್ರೆ ತಿಳೀತೈತಿ’ ಅಂದರು. ಮೇಷ್ಟ್ರು ಹೇಳಿದ್ದು ಸರಿ, ಡಿಕಾಕ್ಷನ್ ಕುಡಿಯುವ ವಸ್ತುವೇ, ಅದನ್ನೂ ಬಿಟ್ಟೆ. ಹೊಸಬರಿಗೆ ಬಾಯಲ್ಲಿ ಹೇಳಿಕೊಡಲು ಇರಲಿ.

ಪ್ರಿಂಟಿಗೆ ಹೋದದ್ದು ಇದು.

ಕಂದು ಡ್ರಮ್ಮಿಗೆ: ಗಟ್ಟಿ ಎ. ಬಿ ಜೊತೆ ಸೇರಿಸಬೇಡಿ. ಕುಡಿಯಬೇಡಿ.
ಬಿಳಿ ಡ್ರಮ್ಮಿಗೆ: ಗಟ್ಟಿ ಬಿ. ಎ ಜೊತೆ ಸೇರಿಸಬೇಡಿ. ಕುಡಿಯಬೇಡಿ.
ಟ್ಯಾಂಕಿಗೆ: ಬೇರಿನ ನೀರು. ಮೊದಲು ನೀರು, ಆಮೇಲೆ ಎ, ಚೆನ್ನಾಗಿ ಕಲಕಿ, ಆಮೇಲೆ ಬಿ. ಕೊನೆಗೆ ಪಿಎಚ್ ನೋಡಿ. ಉಪ್ಪು (ಇಸಿ) 1.8 ದಾಟಿದರೆ ಬರೀ ನೀರು. 1.2ಕ್ಕಿಂತ ಇಳಿದರೆ ಎ, ಬಿ ಎರಡೂ ಸಮ ಸಮ.

ಗೇಟಿನ ಬೋರ್ಡಿಗೆ ನೀರ್ಗೆಯ್ಮೆ ಹಾಕೋಣ ಅಂತ ಭಾವನಿಗೆ ಹೇಳಿದ್ದೇನೆ. ನಗುತ್ತಿದ್ದಾರೆ, ಆದರೆ ಬೇಡ ಅಂದಿಲ್ಲ.

ಚಿತ್ರದುರ್ಗದಿಂದ, ಮಂಗಳವಾರ ರಾತ್ರಿ

‘ಗಟ್ಟಿ’ ಅಚ್ಚಗನ್ನಡ. ಒಪ್ಪಿದೆ. ಆದರೆ ಎ, ಬಿ ಯಾಕೆ? ನಮಗೆ ಅಕ್ಷರಗಳಿಗೇನು ಬರವೇ? ‘ಗಟ್ಟಿ ಅ’, ‘ಗಟ್ಟಿ ಆ’ ಎಂದು ಬರೆಯಬಾರದಿತ್ತೇ?

ದಾವಣಗೆರೆಯಿಂದ, ಮಂಗಳವಾರ ರಾತ್ರಿ

ಗೊಬ್ಬರದ ಚೀಲದ ಮೇಲೆ ಎ, ಬಿ ಅಂತಲೇ ಅಚ್ಚಾಗಿ ಬರುತ್ತದೆ ಮೇಷ್ಟ್ರೇ. ಅದೂ ಅಲ್ಲದೆ ಹತ್ತಡಿ ದೂರದಿಂದ ನೋಡಿದರೆ ಅ, ಆ ಎರಡೂ ಒಂದೇ ಥರ ಕಾಣುತ್ತವೆ. ಮೊದಲ ಸಲ ಡ್ರಮ್ಮು ಮಜ್ಜಿಗೆ ಆಗಿದ್ದು ಅದಕ್ಕೇ ಅಲ್ವಾ?